ಎಡಗೈಗೆ ಹೊಂದಿದ ದೋಣಿ

ಶಿವಶರಣಪ್ಪ ಹೊಸಮನಿಯವರು ಮೀನು ತಿನ್ನುವುದಿಲ್ಲ, ಹಿಡಿಯುವುದೂ ಇಲ್ಲ. ನಲವತ್ತೊಂಬತ್ತು ತುಂಬುವ ತನಕ ಅವರಿಗೆ ಈಜು ಕೂಡ ಬರುತ್ತಿರಲಿಲ್ಲ. ಹಾಗಿದ್ದೂ ಈಗ ನೆದರ್ಲೆಂಡ್ಸ್‌ನ ಟಿಲ್‌ಬರ್ಗ್ ಸುತ್ತಮುತ್ತ ಮೀನಿನ ದೋಣಿ ಇಟ್ಟುಕೊಂಡ ನಾಲ್ಕಾರು ಜನ, ತಮ್ಮ ಮೋಟಾರು ಸರಿಯಾಗಿ ಎಳೆಯುತ್ತಿಲ್ಲ ಅನ್ನಿಸಿದ ಕೂಡಲೇ ಫೋನ್ ಮಾಡುವುದು ಇವರಿಗೆ.

ಅವರ ಊರು ಶಹಾಬಾದ್. ಕಲಬುರಗಿಯಲ್ಲಿ ಮೆಕ್ಯಾನಿಕಲ್ ಓದಿ, ಹುಬ್ಬಳ್ಳಿಯ ಒಂದು ಪಂಪ್ ಕಾರ್ಖಾನೆಯಲ್ಲಿ ಹದಿನಾರು ವರ್ಷ ದುಡಿದು, ಆರು ವರ್ಷದ ಹಿಂದೆ ನೆದರ್ಲೆಂಡ್ಸ್‌ಗೆ ಬಂದವರು. ಇಲ್ಲಿಯೂ ಪಂಪೇ. ಕಾರ್ಖಾನೆಯಿಂದ ಹೊರಡುವ ಪ್ರತಿಯೊಂದು ದೊಡ್ಡ ಪಂಪನ್ನೂ ಓಡಿಸಿ, ಎಷ್ಟು ನೀರು ಎತ್ತುತ್ತದೆ, ಎಷ್ಟು ನಡುಗುತ್ತದೆ, ಎಷ್ಟು ಕರೆಂಟು ತಿನ್ನುತ್ತದೆ ಎಂದು ಅಳೆದು ಸಹಿ ಹಾಕುವ ಕೆಲಸ. ಆ ಕೆಲಸದಲ್ಲಿ ಅವರದೊಂದು ಹಟವಿತ್ತು. ಏನೇ ತೊಂದರೆ ಕಂಡರೂ ಒಂದು ಸಲಕ್ಕೆ ಒಂದೇ ಬದಲಾವಣೆ. ಅಳೆಯಬೇಕು, ಬರೆಯಬೇಕು, ಆಮೇಲೆ ಎರಡನೆಯದು. ಅವಸರದ ಹುಡುಗರಿಗೆ ಇದು ತಲೆನೋವು. ಆದರೆ ಅವರ ಸಹಿ ಬಿದ್ದ ಪಂಪು ವಾಪಸ್ ಬಂದದ್ದು ಯಾರಿಗೂ ನೆನಪಿರಲಿಲ್ಲ.

ಹೆಂಡತಿ ವಿಜಯಾ ಒಂದು ದೊಡ್ಡ ಗೋದಾಮಿನ ಕಚೇರಿಯಲ್ಲಿ ಲಾರಿಗಳ ವೇಳಾಪಟ್ಟಿ ನೋಡಿಕೊಳ್ಳುತ್ತಾರೆ. ಮಗಳು ಐಶ್ವರ್ಯಾಗೆ ಹದಿನಾರು. ಮೂವರೂ ಇರುವುದು ಸಾಲು ಮನೆಗಳ ಒಂದು ಬೀದಿಯಲ್ಲಿ. ಮನೆಗಳ ಹಿಂದೆ ಒಂದು ಓಣಿ, ಓಣಿಯುದ್ದಕ್ಕೂ ಗ್ಯಾರೇಜುಗಳು. ಪಕ್ಕದ ಮನೆಯಲ್ಲಿ ಟೂನ್ ಮತ್ತು ರೀತ್ ಎಂಬ ವಯಸ್ಸಾದ ದಂಪತಿ. ಟೂನ್ ಮೂವತ್ತು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಆರು ವರ್ಷದಲ್ಲಿ ಈ ಎರಡು ಮನೆಯವರ ನಡುವೆ ನಡೆದ ಮಾತು ಕಸದ ಡಬ್ಬಿ ಯಾವ ದಿನ ಹೊರಗಿಡಬೇಕು ಎನ್ನುವುದನ್ನು ದಾಟಿರಲಿಲ್ಲ.

ಹೋದ ಏಪ್ರಿಲ್‌ನ ಮೊದಲ ಶನಿವಾರ ಶಿವಶರಣಪ್ಪನವರು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡಲು ಓಣಿಗೆ ಬಂದಾಗ ಟೂನ್ ಅವರ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಟ್ರೈಲರ್ ಮೇಲೆ ಒಂದು ದೋಣಿ. ಹೊಳೆಯುವ ಕೆಂಪು ಬಣ್ಣ, ತಗ್ಗಾದ ಚಪ್ಪಟೆ ಮೈ, ಮುಂದೆ ನಿಂತು ಗಾಳ ಎಸೆಯಲು ಅಗಲವಾದ ಜಗಲಿ, ಹಿಂದೆ ನೂರ ಹದಿನೈದು ಕುದುರೆ ಶಕ್ತಿಯ ಔಟ್‌ಬೋರ್ಡ್ ಮೋಟಾರು. ಬಾಸ್ ಬೋಟ್ ಎಂದು ಕರೆಯುವ, ಅಮೆರಿಕದಲ್ಲಿ ತಯಾರಾದ ಇಂಥ ದೋಣಿಗಳು ಇಲ್ಲಿ ಅಪರೂಪ. ಟೂನ್ ಮೋಟಾರಿನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು ಪ್ರೊಪೆಲ್ಲರನ್ನು ಎಡಗೈಯಿಂದ ಒರೆಸುತ್ತಿದ್ದರು.

ಶಿವಶರಣಪ್ಪನವರಿಗೆ ದೋಣಿ ಕಾಣಲಿಲ್ಲ, ಪ್ರೊಪೆಲ್ಲರ್ ಕಂಡಿತು. ಹತ್ತಿರ ಹೋಗಿ ಅನುಮತಿ ಕೇಳಿ ಬಗ್ಗಿ, ಅದರ ಮೂರು ರೆಕ್ಕೆಗಳ ಅಂಚಿನ ಮೇಲೆ ಒಂದೊಂದಾಗಿ ಹೆಬ್ಬೆರಳು ಆಡಿಸಿದರು.

“ಮೂರೂ ಒಂದೇ ಥರ ಇಲ್ಲ,” ಎಂದರು. “ಇದೊಂದರ ಅಂಚು ಮಡಚಿದೆ. ಓಡಿಸುವಾಗ ನಡುಗುತ್ತಾ?”

ಅವರಿಬ್ಬರ ಭಾಷೆ ಅರ್ಧ ಇಂಗ್ಲಿಷು, ಅರ್ಧ ಮುರುಕು ಡಚ್ಚು. ಟೂನ್ ಒರೆಸುವುದನ್ನು ನಿಲ್ಲಿಸಿ ಇವರನ್ನು ನೋಡಿದರು.

“ನಡುಗುತ್ತೆ. ಕುದುರೆ ಥರ ಕುಣಿಯುತ್ತೆ ಕೂಡ. ಮುಂಭಾಗ ಎದ್ದು ಬೀಳ್ತಾನೇ ಇರುತ್ತೆ. ನಿನಗೆ ಹೇಗೆ ಗೊತ್ತು ಬೂರ್ಮನ್?”

ಬೂರ್ಮನ್ ಎಂದರೆ ನೆರೆಯವನು. ಟೂನ್ ಇವತ್ತಿಗೂ ಇವರನ್ನು ಹಾಗೆಯೇ ಕರೆಯುತ್ತಾರೆ.

“ಪಂಪಿನೊಳಗೂ ಇಂಥದ್ದೇ ಒಂದು ಚಕ್ರ ಇರುತ್ತೆ. ಅಲ್ಲಿ ಚಕ್ರ ಕೂತಿರುತ್ತೆ, ನೀರು ಓಡುತ್ತೆ. ಇಲ್ಲಿ ಚಕ್ರವೇ ಓಡಬೇಕು, ಅಷ್ಟೇ ವ್ಯತ್ಯಾಸ.”

ಒಳಗೆ ಬಗ್ಗಿ ನೋಡಿದಾಗ ದೋಣಿಯ ಮುಂದಿನ ಪೆಟ್ಟಿಗೆಯಲ್ಲಿ ಕಾಲುದಾರಿಗೆ ಹಾಸುವ ಸಿಮೆಂಟ್ ಕಲ್ಲುಗಳು ಆರು ಕಂಡವು. ಕುಣಿತ ಕಡಿಮೆಯಾಗಲಿ ಎಂದು ಟೂನ್ ಇಟ್ಟ ಭಾರ. ಶಿವಶರಣಪ್ಪನವರಿಗೆ ನಗು ಬಂತು. ಕಾಯಿಲೆ ಒಂದು ಕಡೆ, ಪಟ್ಟಿ ಇನ್ನೊಂದು ಕಡೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸ್ನೂಕ್‌ಬಾರ್ಸ್‌ನಂಥ ಬೇಟೆ ಮೀನುಗಳನ್ನು ಹಿಡಿಯುವಂತಿಲ್ಲ. ಅವು ಮೊಟ್ಟೆ ಇಡುವ ಕಾಲ. ಮೇ ಕೊನೆಯ ಶನಿವಾರ ಮತ್ತೆ ಅನುಮತಿ. ಆ ದಿನಕ್ಕಾಗಿ ಗಾಳದವರು ಹಬ್ಬಕ್ಕೆ ಕಾದ ಹಾಗೆ ಕಾಯುತ್ತಾರೆ. ಎಂಟು ವಾರ ಇದೆ, ಅಷ್ಟರಲ್ಲಿ ಸರಿ ಮಾಡಬಹುದೇ ಎಂದು ಟೂನ್ ಕೇಳಿದರು. ಮೊದಲು ಈಗ ಹೇಗಿದೆಯೋ ಹಾಗೇ ಓಡಿಸಿ ಅಳೆಯಬೇಕು ಎಂದು ಶಿವಶರಣಪ್ಪನವರು ಹೇಳಿದರು. ಹಾಗೆ ಹೇಳಿದ ಮೇಲೆಯೇ ಅವರಿಗೆ ಹೊಳೆದದ್ದು, ಅಳೆಯಬೇಕಾದರೆ ತಾನೂ ದೋಣಿಯಲ್ಲಿ ಕೂರಬೇಕೆಂದು.

ಮನೆಯಲ್ಲಿ ಅವರು, “ಟೂನ್ ಅವರ ಗ್ಯಾರೇಜಿನ್ಯಾಗ ಸ್ವಲ್ಪ ಕೆಲಸ ಅದ, ಸಂಜೀತನ ಬರ್ತೀನಿ,” ಎಂದಷ್ಟೇ ಹೇಳಿ ಹೊರಟರು. ಅದು ಪೂರ್ತಿ ಸುಳ್ಳಾಗಿರಲಿಲ್ಲ.

ಹಾಲಂಡ್ಸ್ ಡೀಪ್ ಎನ್ನುವುದು ನದಿಯೋ ಸರೋವರವೋ ಹೇಳಲಾಗದಷ್ಟು ಅಗಲವಾದ ನೀರು. ಸರಕು ಹೊತ್ತ ಉದ್ದನೆಯ ಹಡಗುಗಳು ಮಧ್ಯದಲ್ಲಿ ಸಾಲಾಗಿ ಹೋಗುತ್ತಿರುತ್ತವೆ. ದಡದ ಇಳಿಜಾರಿನಿಂದ ಟ್ರೈಲರನ್ನು ನೀರಿಗಿಳಿಸಿ ದೋಣಿ ತೇಲಿಸಿದ್ದಾಯಿತು. ಟೂನ್ ಕೊಟ್ಟ ಲೈಫ್ ಜಾಕೆಟನ್ನು ಶಿವಶರಣಪ್ಪನವರು ಉಸಿರು ಕಟ್ಟುವಷ್ಟು ಬಿಗಿದುಕೊಂಡರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದರಲ್ಲಿ ನೋಟ್‌ಬುಕ್.

ವೇಗದ ದೋಣಿಗಳಿಗೆ ಬಿಟ್ಟ ಭಾಗ ತಲುಪಿದ ಮೇಲೆ ಟೂನ್ ಪೂರ್ತಿ ವೇಗ ಕೊಟ್ಟರು. ಮೋಟಾರು ನಿಮಿಷಕ್ಕೆ ನಾಲ್ಕು ಸಾವಿರದ ಒಂಬೈನೂರು ಸುತ್ತು ಮುಟ್ಟಿ ಅಲ್ಲೇ ಏದುಸಿರು ಬಿಡತೊಡಗಿತು. ಅದು ಐದೂವರೆ, ಆರು ಸಾವಿರದ ತನಕ ಹೋಗಬೇಕಾದ ಮೋಟಾರು. ಜಿಪಿಎಸ್ ಅರವತ್ತೆರಡು ಕಿಲೋಮೀಟರ್ ವೇಗ ತೋರಿಸಿತು. ಮುಂಭಾಗ ಏಳುವುದು, ಬೀಳುವುದು, ಪ್ರತಿ ಸಲ ಬಿದ್ದಾಗಲೂ ಪೆನ್ನು ಪುಟದ ಮೇಲೆ ಜಾರುವುದು. ಆದರೂ ಶಿವಶರಣಪ್ಪನವರು ಬರೆದರು.

ಬರೆಯುತ್ತ ಇನ್ನೊಂದನ್ನು ಗಮನಿಸಿದರು. ವೇಗದ ಹಿಡಿಕೆ ಇರುವುದು ಚಾಲಕನ ಬಲಕ್ಕೆ. ಟೂನ್ ಅದನ್ನು ಹಿಂದಕ್ಕೆಳೆಯಬೇಕಾದಾಗೆಲ್ಲ ಸ್ಟೇರಿಂಗ್ ಬಿಟ್ಟು ಎಡಗೈಯನ್ನು ಮೈಗೆ ಅಡ್ಡವಾಗಿ ತರುತ್ತಿದ್ದರು. ಆ ಒಂದು ಕ್ಷಣ ಸ್ಟೇರಿಂಗ್ ತಾನಾಗಿ ಬಲಕ್ಕೆ ತಿರುಗಲು ಹವಣಿಸುತ್ತಿತ್ತು. ಟೂನ್ ಮೊಣಕಾಲಿನಿಂದ ತಡೆಯುತ್ತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಮೋಟಾರು ನಿಲ್ಲಿಸಿ ದೋಣಿ ತೇಲುತ್ತಿರುವಾಗ ಅವರು ಕೇಳಿಯೇಬಿಟ್ಟರು. “ನಿಮ್ಮ ಬಲಗೈಗೆ ಏನಾಗಿದೆ?”

ಟೂನ್ ಎಡಗೈಯಿಂದ ಬಲಗೈಯನ್ನು ಎತ್ತಿ ತೋರಿಸಿ ಹೇಳಿದರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಆಗಿತ್ತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ಬಲಗೈಯ ಹಿಡಿತ ಬರಲಿಲ್ಲ. ಇದು ರೀತ್‌ಗೂ ಗೊತ್ತು. ರೀತ್‌ಗೆ ಗೊತ್ತಿಲ್ಲದ್ದು ಇನ್ನೊಂದು.

“ಅಕ್ಟೋಬರ್‌ನಲ್ಲಿ ಒಬ್ಬನೇ ಬಂದಿದ್ದೆ,” ಎಂದರು. “ಅಲೆ ಹೊಡೀತು. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಯ್ತು. ದೋಣಿ ಗರ್ರನೆ ತಿರುಗಿ ನನ್ನನ್ನು ನೆಲಕ್ಕೆ ಒಗೀತು. ಮೋಟಾರಿನ ಸ್ವಿಚ್ಚಿಗೆ ಸೇರಿದ ಈ ಹುರೀನ ಮಣಿಕಟ್ಟಿಗೆ ಕಟ್ಟಿಕೊಂಡಿದ್ದೆ, ಅದು ಕಿತ್ತು ಮೋಟಾರು ನಿಂತಿತು. ಇಲ್ಲದಿದ್ದರೆ…” ಕೆಂಪು ಹುರಿಯನ್ನು ತೋರಿಸಿದರು. “ಪಕ್ಕೆಲುಬು ಒಂದು ತಿಂಗಳು ನೋವಿತ್ತು. ಮೆಟ್ಟಿಲಲ್ಲಿ ಜಾರಿದೆ ಅಂತ ಮನೇಲಿ ಹೇಳಿದೆ.”

ಶಿವಶರಣಪ್ಪನವರು ನೋಟ್‌ಬುಕ್ ಮುಚ್ಚಿದರು. “ಮೋಟಾರು ಸರಿ ಮಾಡಬಹುದು. ಸ್ಟೇರಿಂಗ್ ಎಳೆಯೋದನ್ನೂ ಕಡಿಮೆ ಮಾಡಬಹುದು. ಆದರೆ ಮೊದಲು ನೀವು ಮನೆಯಲ್ಲಿ ನಿಜ ಹೇಳಿ. ಅವರಿಗೆ ಗೊತ್ತಿಲ್ಲದೆ ನಾನು ಈ ದೋಣಿಯ ಒಂದು ಬೋಲ್ಟನ್ನೂ ಮುಟ್ಟಲ್ಲ.”

“ಹೇಳಿದರೆ ಮಾರಿಬಿಡ್ತಾಳೆ.”

“ಮಾರಲಿ.”

ಅದಾದ ಮೇಲೆ ಒಂದು ವಾರ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಓಣಿಯಲ್ಲಿ ಎದುರಾದಾಗ ಟೂನ್ ತಲೆಯಾಡಿಸಿ ಮುಂದೆ ಹೋದರು. ತಾನು ಮಿತಿ ಮೀರಿದೆನೇನೋ, ಈ ದೇಶದಲ್ಲಿ ಇನ್ನೊಬ್ಬರ ಮನೆಯ ವಿಷಯಕ್ಕೆ ಬಾಯಿ ಹಾಕುವುದು ತಪ್ಪೇನೋ ಎಂದು ಶಿವಶರಣಪ್ಪನವರು ಒಳಗೊಳಗೇ ಒದ್ದಾಡಿದರು.

ಎಂಟನೆಯ ದಿನ ಬೆಲ್ ಆಯಿತು. ಬಾಗಿಲಲ್ಲಿ ರೀತ್ ನಿಂತಿದ್ದರು. ಎಪ್ಪತ್ತರ ಹತ್ತಿರದ, ಸಣ್ಣ ಮೈಯ, ನೇರ ದೃಷ್ಟಿಯ ಹೆಂಗಸು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಟಿಲ್‌ಬರ್ಗ್ ಇರುವ ಬ್ರಾಬಾಂಟ್ ಸೀಮೆಯಲ್ಲಿ ಮಾಂಸ ತುಂಬಿ ಸುಡುವ ಬನ್ನು ಪ್ರಸಿದ್ಧ. ಇವರಿಗಾಗಿ ಅದರಲ್ಲಿ ಚೀಸ್ ತುಂಬಿ ತಂದಿದ್ದರು.

“ಅವನು ಹೇಳಿದ,” ಎಂದರು ರೀತ್. “ಹೇಳುವಂತೆ ಮಾಡಿದ್ದು ನೀವು ಅಂತಲೂ ಹೇಳಿದ. ಮೂರು ದಿನ ನಾನು ಅವನ ಜೊತೆ ಮಾತಾಡಲಿಲ್ಲ. ಆಮೇಲೆ ಯೋಚಿಸಿದೆ. ದೋಣಿ ಕಿತ್ತುಕೊಂಡರೆ ಅವನು ಇಡೀ ದಿನ ಟಿವಿ ಮುಂದೆ ಕೂರ್ತಾನೆ. ಅದೂ ಒಂದು ಥರದ ಮುಳುಗೋದೇ.” ತಟ್ಟೆಯನ್ನು ಇವರ ಕೈಗೆ ಕೊಟ್ಟರು. “ಮೇ ಕೊನೆಯ ಶನಿವಾರದ ತನಕ ಸಮಯ. ಅದಕ್ಕೆ ಮೊದಲು ನಾನೇ ಕೂತು ನೋಡ್ತೀನಿ. ಸರಿ ಅನ್ನಿಸದಿದ್ದರೆ ಮಾರೋದೇ. ಹೌಡೂ.”

ಹೌಡೂ ಎಂದರೆ ಆ ಕಡೆಯ ಜನ ಹೋಗಿಬರುತ್ತೇನೆ ಎನ್ನುವ ರೀತಿ.

ಕೆಲಸ ಶುರುವಾಯಿತು. ಮೊದಲ ಶನಿವಾರ ಸಿಮೆಂಟ್ ಕಲ್ಲುಗಳು ಹೊರಬಂದು ರೀತ್ ಅವರ ಹಿತ್ತಲು ಸೇರಿದವು. ಹಿಂಭಾಗದಲ್ಲಿ ಒತ್ತೊತ್ತಾಗಿ ಇಟ್ಟಿದ್ದ ಮೂರು ಬ್ಯಾಟರಿಗಳಲ್ಲಿ ಎರಡನ್ನು ದೋಣಿಯ ಮಧ್ಯಕ್ಕೆ ತಂದು ದಪ್ಪ ವೈರು ಎಳೆದದ್ದಾಯಿತು. ಹಿಂದೆ ಭಾರ ಹೆಚ್ಚಿದ್ದರಿಂದಲೇ ಮುಂಭಾಗ ಏಳುತ್ತಿತ್ತು. ಅದಕ್ಕೆ ಮುಂದೆ ಇನ್ನಷ್ಟು ಭಾರ ಹೇರಿದ್ದರಿಂದ ಬಡಪಾಯಿ ಮೋಟಾರು ಎರಡನ್ನೂ ಹೊರಬೇಕಿತ್ತು. ನೀರಿಗೆ ಹೋಗಿ ಅಳೆದರು. ಕುಣಿತ ಅರ್ಧಕ್ಕರ್ಧ ಇಳಿದಿತ್ತು. ಬರೆದರು.

ಎರಡನೆಯ ಶನಿವಾರ ಸ್ಟೇರಿಂಗಿನ ಸರದಿ. ಪ್ರೊಪೆಲ್ಲರ್ ಬಲಕ್ಕೆ ಸುತ್ತುವುದರಿಂದ ಮೋಟಾರು ಒಂದು ಕಡೆಗೆ ವಾಲಲು ನೋಡುತ್ತದೆ, ಅದು ಸ್ಟೇರಿಂಗಿನಲ್ಲಿ ಕೈಗೆ ಸಿಗುತ್ತದೆ. ಅದನ್ನು ಸರಿದೂಗಿಸಲು ಪ್ರೊಪೆಲ್ಲರಿನ ಮೇಲ್ಗಡೆ ಮೀನಿನ ಬಾಲದಂಥ ಸಣ್ಣ ಲೋಹದ ತುಂಡೊಂದು ಇರುತ್ತದೆ. ಟೂನ್ ಕೊಂಡ ದಿನದಿಂದ ಅದು ನೇರವಾಗಿಯೇ ಇತ್ತು. ಬೋಲ್ಟ್ ಸಡಿಲಿಸಿ ಅದರ ಹಿಂದಿನ ತುದಿಯನ್ನು ಸ್ಟೇರಿಂಗ್ ಎಳೆಯುವ ಕಡೆಗೆ, ಅಂದರೆ ಬಲಕ್ಕೆ, ಕೂದಲೆಳೆಯಷ್ಟು ತಿರುಗಿಸಿ ಬಿಗಿದರು. ನೀರಿಗೆ ಹೋಗಿ ನೋಡಿ, ಮತ್ತೊಂದಿಷ್ಟು ತಿರುಗಿಸಿದರು. ಸ್ಟೇರಿಂಗಿನ ಒಣಗಿದ ಕೇಬಲ್ಲಿಗೆ ಗ್ರೀಸು ತುಂಬಿದರು.

ಬಲಗೈಯ ಸಮಸ್ಯೆಗೆ ಉಪಾಯ ಹೇಳಿದ್ದು ಟೂನ್. ಬಾಸ್ ಬೋಟ್‌ಗಳಿಗೆ ಕಾರಿನ ಹಾಗೆ ಕಾಲಿನಿಂದ ಒತ್ತುವ ಪೆಡಲ್ ಸಿಗುತ್ತದೆ. ಕಾಲು ತೆಗೆದರೆ ಸ್ಪ್ರಿಂಗು ತಾನಾಗಿ ವೇಗ ಇಳಿಸುತ್ತದೆ. “ಮೂವತ್ತು ವರ್ಷ ಬಸ್ ಓಡಿಸಿದ ಕಾಲು ಇದು, ಕೈಗಿಂತ ಬುದ್ಧಿವಂತ,” ಎಂದರು. ಪೆಡಲ್ ಬಂತು, ಕೂತಿತು. ಮೋಟಾರನ್ನು ಮೇಲೆ ಕೆಳಗೆ ಬಾಗಿಸುವ ಟ್ರಿಮ್ ಸ್ವಿಚ್ಚನ್ನು ಸ್ಟೇರಿಂಗಿನ ಎಡಬದಿಗೆ, ಬೆರಳು ಚಾಚಿದರೆ ಸಿಗುವ ಹಾಗೆ ಕೂರಿಸಿದರು. ಈಗ ಎಡಗೈ ಸ್ಟೇರಿಂಗ್ ಬಿಡುವ ಪ್ರಮೇಯವೇ ಇರಲಿಲ್ಲ.

ಉಳಿದದ್ದು ಪ್ರೊಪೆಲ್ಲರ್. ಹಳೆಯದು ಇಪ್ಪತ್ತೊಂದು ಪಿಚ್‌ನದು. ಮರದೊಳಗೆ ಸ್ಕ್ರೂ ಹೋದ ಹಾಗೆ ಹೋದರೆ, ಒಂದು ಸುತ್ತಿಗೆ ಇಪ್ಪತ್ತೊಂದು ಇಂಚು ಮುಂದೆ ಹೋಗಬೇಕು ಎಂದು ಅರ್ಥ. ಆದರೆ ನೀರು ಮರವಲ್ಲ, ಜಾರುತ್ತದೆ. ಶಿವಶರಣಪ್ಪನವರು ಲೆಕ್ಕ ಹಾಕಿದರೆ ನೂರಕ್ಕೆ ಹದಿನೆಂಟು ಪಾಲು ಜಾರಿಕೆಯಲ್ಲೇ ಹೋಗುತ್ತಿತ್ತು. ಮೇಲೇರುವ ರಸ್ತೆಯಲ್ಲಿ ಟಾಪ್ ಗೇರಿನಲ್ಲೇ ಬಸ್ಸು ಹತ್ತಿಸಿದ ಹಾಗೆ ಎಂದಾಗ ಟೂನ್‌ಗೆ ತಟ್ಟನೆ ಅರ್ಥವಾಯಿತು. ಗಾಳದ ಕ್ಲಬ್ಬಿನ ಗೆಳೆಯರೊಬ್ಬರು ನಾಲ್ಕು ರೆಕ್ಕೆಯ, ಹದಿನೆಂಟು ಪಿಚ್‌ನ ಒಂದು ಸ್ಟೀಲ್ ಪ್ರೊಪೆಲ್ಲರನ್ನು ನೋಡಲೆಂದು ಕೊಟ್ಟರು.

ಅಷ್ಟರಲ್ಲಿ ಮೇ ಎರಡನೆಯ ವಾರ ಬಂದಿತ್ತು. ಮೋಟಾರು ತುಸು ಕೆಳಗೆ ಕೂತಿದೆ, ಮೇಲಕ್ಕೆತ್ತಿದರೆ ನೀರಿನ ತಡೆ ಕಡಿಮೆಯಾಗುತ್ತದೆ ಎನ್ನುವುದೂ ಅವರ ಪಟ್ಟಿಯಲ್ಲಿತ್ತು. ದಿನ ಕಡಿಮೆ ಇತ್ತು. ಎಂದೂ ಮಾಡದ ಕೆಲಸವನ್ನು ಅಂದು ಮಾಡಿದರು. ಹೊಸ ಪ್ರೊಪೆಲ್ಲರ್ ಹಾಕಿದ ದಿನವೇ, ಸರಪಳಿಯ ರಾಟೆಯಿಂದ ಮೋಟಾರನ್ನೂ ಎತ್ತಿ ಎರಡು ರಂಧ್ರ ಮೇಲಕ್ಕೆ, ಅಂದರೆ ಮೂರು ಬೆರಳಿನಷ್ಟು, ಏರಿಸಿ ಬಿಗಿದರು.

ನೀರಿಗಿಳಿಸಿದಾಗ ದೋಣಿ ಬಾಣದ ಹಾಗೆ ಹೋಯಿತು. ಐದು ಸಾವಿರದ ಏಳುನೂರು ಸುತ್ತು, ಅರವತ್ತೆಂಟು ಕಿಲೋಮೀಟರ್. ಟೂನ್ ಚಿಕ್ಕ ಹುಡುಗನ ಹಾಗೆ ಕೂಗಿದರು. ಶಿವಶರಣಪ್ಪನವರೂ ಮೊದಲ ಸಲ ಕಂಬಿಯಿಂದ ಕೈ ತೆಗೆದರು. ಟೂನ್ ಅಗಲವಾಗಿ ಬಲಕ್ಕೆ ತಿರುಗಿಸಿದರು. ಮೋಟಾರಿನ ಸದ್ದು ಒಮ್ಮೆಲೇ ಚೀರಿತು, ಆಮೇಲೆ ಒಂದೇ ಸಮನೆ ಬೀಪ್ ಬೀಪ್ ಎಂದು ಎಚ್ಚರಿಕೆಯ ಗಂಟೆ. ಕೆಂಪು ದೀಪ. ಟೂನ್ ಕಾಲು ತೆಗೆದು ಮೋಟಾರು ಬಂದ್ ಮಾಡಿದರು.

ಕಾರಣ ಶಿವಶರಣಪ್ಪನವರಿಗೆ ಆ ಕ್ಷಣವೇ ಹೊಳೆಯಿತು. ಮೋಟಾರನ್ನು ಅತಿಯಾಗಿ ಮೇಲೆ ಏರಿಸಿದ್ದರಿಂದ, ತಣ್ಣಗಿಡಲು ನೀರು ಹೀರುವ ಕಿಂಡಿಗಳು ತಿರುವಿನಲ್ಲಿ ಗಾಳಿ ಹೀರಿದ್ದವು. ಮೋಟಾರು ಕಾದಿತ್ತು. ತಪ್ಪು ಪೂರ್ತಿ ಅವರದೇ. ಮತ್ತು ದೋಣಿ ಈಗ ಗಾಳಿಗೆ ಸಿಕ್ಕಿ ಹಡಗುಗಳ ದಾರಿಯ ಕಡೆಗೆ ತೇಲುತ್ತಿತ್ತು. ಅರ್ಧ ಕಿಲೋಮೀಟರ್ ಆಚೆ, ಮರಳು ಹೊತ್ತ ಉದ್ದನೆಯ ಹಡಗೊಂದು ಮೆಲ್ಲಗೆ, ಆದರೆ ನಿಲ್ಲುವ ಯಾವ ಲಕ್ಷಣವೂ ಇಲ್ಲದೆ ಬರುತ್ತಿತ್ತು.

ಶಿವಶರಣಪ್ಪನವರು ಎರಡೂ ಕೈಯಿಂದ ಕಂಬಿ ಹಿಡಿದುಕೊಂಡರು. “ನನಗೆ ಈಜು ಬರಲ್ಲ,” ಎಂದರು. ಆರು ವಾರದಲ್ಲಿ ಆ ಮಾತನ್ನು ಹೇಳಿದ್ದು ಅದೇ ಮೊದಲು.

ಟೂನ್ ಅವರ ಮುಖ ನೋಡಿದರು. “ಕೂತ್ಕೊ ಬೂರ್ಮನ್. ನೆಲದ ಮೇಲೆ ಕೂತ್ಕೊ. ಹಾಗೆ.” ಅವರ ದನಿಯಲ್ಲಿ ಸ್ವಲ್ಪವೂ ಏರಿಳಿತವಿರಲಿಲ್ಲ, ಕೆಟ್ಟು ನಿಂತ ಬಸ್ಸಿನಲ್ಲಿ ಪ್ರಯಾಣಿಕರಿಗೆ ಹೇಳುವ ದನಿ. ಆಮೇಲೆ ಮುಂದಿನ ಜಗಲಿಗೆ ಹೋಗಿ, ಗಾಳ ಹಾಕುವಾಗ ದೋಣಿಯನ್ನು ಸದ್ದಿಲ್ಲದೆ ಸರಿಸಲು ಇಟ್ಟ ಸಣ್ಣ ಎಲೆಕ್ಟ್ರಿಕ್ ಮೋಟಾರನ್ನು ನೀರಿಗೆ ಇಳಿಸಿದರು. ಅದನ್ನೂ ಕಾಲಿನಿಂದಲೇ ನಡೆಸುವುದು. ನಡಿಗೆಯ ವೇಗದಲ್ಲಿ ದೋಣಿ ದಡದ ಕಡೆ ತಿರುಗಿತು. ಹಡಗು ಹಿಂದೆ ದೂರದಲ್ಲಿ ಹಾದುಹೋಯಿತು. ಅದರ ಅಲೆ ಬಂದು ದೋಣಿಯನ್ನು ನಾಲ್ಕು ಸಲ ಎತ್ತಿ ಇಳಿಸಿತು. ಅಷ್ಟೇ. ದಡ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು.

ದಾರಿಯುದ್ದಕ್ಕೂ ಶಿವಶರಣಪ್ಪನವರನ್ನು ಕೊರೆದದ್ದು ಮೋಟಾರಲ್ಲ. ಇನ್ನೊಬ್ಬರಿಗೆ ಮನೆಯಲ್ಲಿ ನಿಜ ಹೇಳು ಎಂದು ಷರತ್ತು ಹಾಕಿದ ತಾನು, ಆರು ವಾರದಿಂದ ಗ್ಯಾರೇಜು ಎಂದು ಹೇಳಿ ಹೊರಡುತ್ತಿದ್ದೇನೆ ಎಂಬುದು.

ಅಂದು ಸಂಜೆ ವಿಜಯಾ ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದರು. ಬಡಿಯುವ ಸದ್ದು ನಿಂತಿತು.

“ಅಂದ್ರ ಇಷ್ಟ್ ದಿನ ಗ್ಯಾರೇಜ್ ಅಂತ ಹೇಳಿ ನೀರಿನ್ಯಾಗ ಹೋಗ್ತಿದ್ರೇನು?”

“ಜಾಕೆಟ್ ಹಾಕ್ಕೊಂಡೇ ಹೋಗ್ತಿದ್ದೆ.”

“ಜಾಕೆಟ್ ಹಾಕ್ಕೊಂಡ್ರ ಹೆಂಡ್ತಿಗಿ ಹೇಳಬಾರದಂತ ಎಲ್ಲಿ ಬರ್ದದ? ನಿಮಗೇನರೆ ಆಗಿದ್ರ, ನಾ ಪೊಲೀಸರಿಗಿ ಏನಂತ ಹೇಳ್ಬೇಕಿತ್ತು? ಗ್ಯಾರೇಜಿನ್ಯಾಗ ಮುಳುಗ್ಯಾರ ಅಂತ ಹೇಳ್ಬೇಕಿತ್ತೇನು?”

ಹಾಲ್‌ನಲ್ಲಿ ಫೋನು ನೋಡುತ್ತಿದ್ದ ಐಶ್ವರ್ಯಾಗೆ ನಗು ತಡೆಯಲಾಗಲಿಲ್ಲ. ಶಿವಶರಣಪ್ಪನವರಿಗೂ ಬರುವುದರಲ್ಲಿತ್ತು, ಹೆಂಡತಿಯ ಕಣ್ಣಲ್ಲಿ ನೀರು ಕಂಡು ನುಂಗಿಕೊಂಡರು.

“ತಪ್ಪಾತು, ವಿಜಯಾ. ನೀ ಬ್ಯಾಡ ಅಂತಿ ಅಂತ ಹೇಳಲಿಲ್ಲ. ಇನ್ನ ಹೋಗಂಗಿಲ್ಲ.”

ವಿಜಯಾ ಹಿಟ್ಟಿನ ಕೈಯನ್ನು ನಲ್ಲಿಯಲ್ಲಿ ತೊಳೆದು ಒರೆಸಿಕೊಂಡರು. ಆಮೇಲೆ ಹೇಳಿದರು: “ಹೋಗಬ್ಯಾಡ್ರಿ ಅಂತ ನಾ ಎಲ್ಲಿ ಅಂದೆ? ಹಿಡದ ಕೆಲಸ ಅರ್ಧಕ್ಕ ಬಿಟ್ಟು ಬಂದ್ರ ರಾತ್ರಿ ಎಲ್ಲಾ ಹೊರಳಾಡ್ತೀರಿ, ನನಗ ಗೊತ್ತದ. ಈಜು ಕಲೀರಿ. ಕಲಿಯಾಕ ಹೆಸರು ಹಚ್ಚಿದ ಮ್ಯಾಲೆ ದೋಣಿ ಹತ್ರಿ.”

“ಪಪ್ಪಾ, ಇಲ್ಲಿ ಆರು ವರ್ಷದ ಮಕ್ಕಳು ಈಜಿನ ಡಿಪ್ಲೊಮಾ ಎ ಮಾಡ್ತಾರೆ,” ಎಂದು ಐಶ್ವರ್ಯಾ ಡಚ್ಚಿನಲ್ಲಿ ಹೇಳಿ, ಅಲ್ಲಿಯೇ ಫೋನಿನಲ್ಲಿ ದೊಡ್ಡವರ ಈಜು ತರಗತಿಗೆ ಅಪ್ಪನ ಹೆಸರು ಸೇರಿಸಿಬಿಟ್ಟಳು. ಶನಿವಾರ ಬೆಳಗ್ಗೆ ಹತ್ತು ಗಂಟೆ, ನಗರದ ಈಜುಕೊಳ.

ಮುಂದಿನ ಭಾನುವಾರ ಮೋಟಾರನ್ನು ಒಂದು ರಂಧ್ರ ಕೆಳಗಿಳಿಸಿದರು. ಬೇರೆ ಏನನ್ನೂ ಮುಟ್ಟಲಿಲ್ಲ. ನೀರಿಗೆ ಹೋಗಿ ಎಡಕ್ಕೆ, ಬಲಕ್ಕೆ, ಅಲೆಯ ಮೇಲೆ, ಅಲೆಗೆ ಅಡ್ಡವಾಗಿ, ಹತ್ತಾರು ಸಲ ತಿರುಗಿಸಿ ನೋಡಿದರು. ಎಚ್ಚರಿಕೆಯ ಗಂಟೆ ಹೊಡೆಯಲಿಲ್ಲ. ಐದೂವರೆ ಸಾವಿರ ಸುತ್ತು, ಅರವತ್ತಾರು ಕಿಲೋಮೀಟರ್. ಎರಡು ಕಿಲೋಮೀಟರ್ ವೇಗ ಬಿಟ್ಟುಕೊಟ್ಟು ನೆಮ್ಮದಿ ಪಡೆದ ಹಾಗಾಯಿತು. ಆ ಅಂಕಿಯ ಕೆಳಗೆ ಶಿವಶರಣಪ್ಪನವರು ಗೆರೆ ಎಳೆದು ಸಹಿ ಹಾಕಿದರು.

ಮೇ ಕೊನೆಯ ಗುರುವಾರ ರೀತ್ ಬಂದರು. ಗಾಳಿ ಸ್ವಲ್ಪ ಜೋರಾಗಿಯೇ ಇತ್ತು. ಇನ್ನೊಂದು ದಿನ ನೋಡೋಣವೇ ಎಂದು ಟೂನ್ ಕೇಳಿದ್ದಕ್ಕೆ, “ಗಾಳಿ ಇರೋ ದಿನವೇ ನೋಡಬೇಕು,” ಎಂದರು. ಹತ್ತು ನಿಮಿಷ ಗಂಡನ ಪಕ್ಕದಲ್ಲಿ ಕೂತು ನೋಡಿದರು. ಆಮೇಲೆ ಎದ್ದು, “ಸರಿ, ಈಗ ನನಗೆ ಕೊಡು,” ಎಂದರು.

ದೋಣಿ ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟುವುದಾದರೆ ನಡೆಸಲು ಇಲ್ಲಿ ಪರವಾನಗಿ ಬೇಕು. ಅದು ರೀತ್‌ಗೆ ಇತ್ತು. ಹಿಂದೆ ಸಣ್ಣ ಮನೆಯಂಥದ್ದೊಂದು ದೋಣಿ ಇದ್ದ ಕಾಲದಲ್ಲಿ ಇಬ್ಬರೂ ಪರೀಕ್ಷೆ ಬರೆದಿದ್ದರು. ರೀತ್ ಮೊದಲ ಸಲಕ್ಕೇ ಪಾಸಾದರು, ಟೂನ್ ಎರಡನೆಯ ಸಲಕ್ಕೆ. ಆಕೆ ಕೆಂಪು ಹುರಿಯನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡರು. ಬಲಗೈಯನ್ನು ಬೇಕೆಂದೇ ಜಾಕೆಟ್ಟಿನ ಜೇಬಿನಲ್ಲಿ ಇಟ್ಟುಕೊಂಡರು. ಎಡಗೈ ಒಂದರಲ್ಲೇ ಸ್ಟೇರಿಂಗ್ ಹಿಡಿದು ಪೆಡಲ್ ಒತ್ತಿದರು.

ಹಿಂದಿನ ಸೀಟಿನಲ್ಲಿ ಕೂತಿದ್ದ ಶಿವಶರಣಪ್ಪನವರಿಗೆ ಕಾಣುತ್ತಿದ್ದದ್ದು ಆಕೆಯ ಬೆನ್ನು ಮಾತ್ರ. ದೋಣಿ ಮೇಲೆದ್ದು ನೀರಿನ ಮೇಲೆ ಚಪ್ಪಟೆಯಾಗಿ ಕೂತು ಓಡಿತು. ಹಡಗಿನ ಅಲೆಯೊಂದು ಅಡ್ಡ ಬಂತು. ರೀತ್ ಕಾಲು ಸಡಿಲಿಸಿದರು, ವೇಗ ಇಳಿಯಿತು, ದೋಣಿ ಅಲೆಯನ್ನು ಹತ್ತಿ ಇಳಿಯಿತು. ಸ್ಟೇರಿಂಗ್ ಆಕೆಯ ಕೈಯಲ್ಲೇ ಇತ್ತು. ಇನ್ನೂ ಎರಡು ಸಲ ಅಂಥ ಅಲೆಯನ್ನು ಹುಡುಕಿಕೊಂಡು ಹೋಗಿ ದಾಟಿದರು. ಟೂನ್ ಕಣ್ಣು ಮುಚ್ಚಿಕೊಂಡು ಕೂತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ.

ಮೋಟಾರು ನಿಲ್ಲಿಸಿ ರೀತ್ ಹಿಂದೆ ತಿರುಗಿದರು. “ಗಾಳಿ ಇದಕ್ಕಿಂತ ಜೋರಿದ್ದರೆ ಒಬ್ಬನೇ ಹೋಗಬಾರದು. ಹೊರಡುವಾಗ ಒಂದು ಫೋನು, ವಾಪಸ್ ದಡ ಹತ್ತಿದಾಗ ಒಂದು ಫೋನು. ಬಿದ್ದರೆ ಬಿದ್ದೆ ಅಂತಲೇ ಹೇಳಬೇಕು, ಮೆಟ್ಟಿಲು ಗಿಟ್ಟಿಲು ಅಲ್ಲ.”

“ಆಯ್ತು,” ಎಂದರು ಟೂನ್. ಅವರ ದನಿ ಸಣ್ಣಗಾಗಿತ್ತು. ರೀತ್ ಕೆಂಪು ಹುರಿಯನ್ನು ಬಿಚ್ಚಿ ಗಂಡನ ಎಡ ಮಣಿಕಟ್ಟಿಗೆ ತಾನೇ ಕಟ್ಟಿದರು. ಶಿವಶರಣಪ್ಪನವರು ಇನ್ನೊಂದು ದಿಕ್ಕಿಗೆ ಮುಖ ಮಾಡಿ ನೀರು ನೋಡಿದರು.

ಶನಿವಾರ ಬೆಳಗ್ಗೆ ಟೂನ್ ಒಬ್ಬರೇ ಹೊರಟರು. ಶಿವಶರಣಪ್ಪನವರು ಅಲ್ಲಿರಲಿಲ್ಲ. ಆ ಹೊತ್ತಿಗೆ ಅವರು ಈಜುಕೊಳದ ಎದೆಮಟ್ಟದ ನೀರಿನಲ್ಲಿ, ಸಿರಿಯಾದ ಒಬ್ಬ ದರ್ಜಿ ಮತ್ತು ಪೋಲೆಂಡಿನ ಇಬ್ಬರು ಹೆಂಗಸರ ಜೊತೆ ನಿಂತು, ತಲೆಯನ್ನು ನೀರೊಳಗೆ ಮುಳುಗಿಸಿ ಗುಳ್ಳೆ ಬಿಡುವುದನ್ನು ಕಲಿಯುತ್ತಿದ್ದರು. ಹೊರಬಂದು ಫೋನು ನೋಡಿದಾಗ ಒಂದು ಚಿತ್ರವಿತ್ತು. ಎಡಗೈಯಲ್ಲಿ ತೋಳುದ್ದದ ಸ್ನೂಕ್‌ಬಾರ್ಸ್ ಹಿಡಿದ ಟೂನ್. ಕೆಳಗೆ, “ಮತ್ತೆ ನೀರಿಗೆ ಬಿಟ್ಟೆ, ನಿನಗಾಗಿ,” ಎಂದು ಬರೆದಿದ್ದರು. ಟೂನ್ ಹಿಡಿದ ಮೀನನ್ನೆಲ್ಲ ಯಾವಾಗಲೂ ಬಿಟ್ಟೇಬಿಡುತ್ತಾರೆ ಎಂದು ಗೊತ್ತಿದ್ದರೂ, ಶಿವಶರಣಪ್ಪನವರು ಆ ಮಾತನ್ನು ಎರಡು ಸಲ ಓದಿದರು.

ಕ್ಲಬ್ಬಿನಲ್ಲಿ ಸುದ್ದಿ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಜೂನ್ ಮೂರನೆಯ ಶನಿವಾರ ಓಣಿಯಲ್ಲಿ ಎರಡು ದೋಣಿಗಳು ನಿಂತಿದ್ದವು, ಒಂದು ಬ್ರೇಡಾದಿಂದ, ಇನ್ನೊಂದು ಪಕ್ಕದ ಹಳ್ಳಿಯಿಂದ. ಶಿವಶರಣಪ್ಪನವರು ದುಡ್ಡು ಮುಟ್ಟುವುದಿಲ್ಲ. ಈ ದೇಶದಲ್ಲಿ ದುಡಿಯಲು ಅವರಿಗೆ ಪರ್ಮಿಟ್ ಇರುವುದು ಪಂಪಿಗೆ, ದೋಣಿಗಲ್ಲ. ಬಂದವರು ಚೀಸು, ಹಣ್ಣು, ಒಬ್ಬರು ಒಂದು ಮೂಟೆ ಆಲೂಗಡ್ಡೆ ಕೊಟ್ಟು ಹೋಗುತ್ತಾರೆ. ವಿಜಯಾ ಅವರ ಶೇಂಗಾ ಚಟ್ನಿಗೆ ಟೂನ್ ಎಷ್ಟು ಒಗ್ಗಿಹೋಗಿದ್ದಾರೆಂದರೆ, ದೋಣಿಯಲ್ಲಿ ಬ್ರೆಡ್ಡಿನ ಮೇಲೆ ಬೆಣ್ಣೆ, ಅದರ ಮೇಲೆ ಚಟ್ನಿ ಉದುರಿಸಿಕೊಂಡೇ ತಿನ್ನುತ್ತಾರೆ.

ಯಾವ ದೋಣಿ ಬಂದರೂ ಶಿವಶರಣಪ್ಪನವರು ಮೋಟಾರಿನ ಹತ್ತಿರ ಬಗ್ಗುವ ಮೊದಲು ಕೇಳುವುದು ನಡೆಸುವವರ ಬಗ್ಗೆ. ಎಷ್ಟು ಎತ್ತರ, ಎಷ್ಟು ತೂಕ, ಬೆನ್ನು ನೋವಿದೆಯೇ, ಒಬ್ಬರೇ ಹೋಗುತ್ತೀರೋ ಇಬ್ಬರೋ. ಬ್ರೇಡಾದ ಹೆಂಗಸಿಗೆ ಇದು ವಿಚಿತ್ರವಾಗಿ ಕಂಡಿತು. “ಇದೇನು ದವಾಖಾನೆಯೇ?” ಎಂದು ನಕ್ಕಳು. ಆಮೇಲೆ ಮೊಣಕಾಲಿನ ಆಪರೇಷನ್ ಬಗ್ಗೆ ಅವಳೇ ಹೇಳಿ, ಸೀಟು ನಾಲ್ಕು ಬೆರಳು ಎತ್ತರಿಸಿಕೊಂಡು ಹೋದಳು.

ಆಗಸ್ಟ್‌ನಲ್ಲಿ ಅವರು ಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ, ಗೋಡೆ ಮುಟ್ಟದೆ ಈಜಿದರು. ಎರಡು ಕಡೆಯಿಂದಲೂ ಚಪ್ಪಾಳೆ ಬಿತ್ತು. ದರ್ಜಿ ಅಂತೂ ಅಪ್ಪಿಕೊಂಡೇಬಿಟ್ಟ. ಅದರ ಮರುವಾರ ಟೂನ್ ದೋಣಿಯಲ್ಲಿ ಜಾಗ ಬಿಟ್ಟು ಎದ್ದು, “ಬಾ, ನೀನೇ ಓಡಿಸು,” ಎಂದರು. ಶಿವಶರಣಪ್ಪನವರು ಕೂರಲಿಲ್ಲ. ಪರವಾನಗಿ ಇಲ್ಲದೆ ಮುಟ್ಟುವುದು ಅವರ ಜಾಯಮಾನವಲ್ಲ.

ಈಗ ಅವರ ಊಟದ ಮೇಜಿನ ಮೇಲೆ ಡಚ್ ಭಾಷೆಯ ಒಂದು ದಪ್ಪ ಪುಸ್ತಕವಿದೆ. ಅಕ್ಟೋಬರ್ ಹದಿನೇಳಕ್ಕೆ ದೋಣಿ ಪರವಾನಗಿಯ ಪರೀಕ್ಷೆ. ಸಂಜೆ ಊಟವಾದ ಮೇಲೆ ಐಶ್ವರ್ಯಾ ಅದನ್ನು ಕೈಗೆತ್ತಿಕೊಂಡು ಪ್ರಶ್ನೆ ಕೇಳುತ್ತಾಳೆ.

“ಎರಡು ಮೋಟಾರು ದೋಣಿಗಳು ಎದುರುಬದುರಾಗಿ ಬಂದರೆ, ಪಪ್ಪಾ?”

“ಎರಡೂ ಬಲಕ್ಕೆ ಸರೀಬೇಕು.”

“ಡಚ್ಚಲ್ಲಿ ಹೇಳು.”

ಶಿವಶರಣಪ್ಪನವರು ಹೇಳುತ್ತಾರೆ. ಬಲಬದಿಗೆ ಇರುವ ಆ ಡಚ್ ಪದ ಮಾತ್ರ ಅವರ ನಾಲಿಗೆಯ ಮೇಲೆ ಹೇಗೂ ನೆಟ್ಟಗೆ ಕೂರುವುದಿಲ್ಲ. ಮಗಳು ತಿದ್ದುತ್ತಾಳೆ, ಅವರು ಮತ್ತೆ ಹೇಳುತ್ತಾರೆ. ಅಡುಗೆಮನೆಯಿಂದ ವಿಜಯಾ, ಎಂದೂ ಆ ಪುಸ್ತಕ ತೆರೆಯದವರು, ಆ ಪದವನ್ನು ಒಂದೇ ಸಲಕ್ಕೆ ಸರಿಯಾಗಿ ಉಚ್ಚರಿಸಿ ತೋರಿಸುತ್ತಾರೆ.